ಮಳೆಯ ಸದ್ದಿಗೆ ಮನಸ್ಸು ಹಗುರಾಗಬೇಕಂತೆ, ನನಗೆ ಎದೆ ಹೊಡೆದುಕೊಳ್ಳುತ್ತದೆ

ತೋಟದ ಮನೆಯವಳು, ತೀರ್ಥಹಳ್ಳಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಡಗದ್ದೆಯಿಂದ ಒಳಗೆ, ಡಾಂಬರು ರಸ್ತೆ ಮುಗಿದ ಮೇಲೂ ಸ್ವಲ್ಪ ದೂರ. ಯಜಮಾನರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ, ಮಗ ಶಿವಮೊಗ್ಗದಲ್ಲಿ ಓದುತ್ತಾನೆ. ತೋಟ, ಕೊಟ್ಟಿಗೆ, ಸೊಸೈಟಿಯ ಸಾಲ, ಅತ್ತೆಯ ಸಕ್ಕರೆ ಕಾಯಿಲೆ ಎಲ್ಲವೂ ನನ್ನ ಪಾಲಿಗೆ. ಕಳೆದ ಮಳೆಗಾಲದಿಂದ ನಡುರಾತ್ರಿ ಎಚ್ಚರವಾದರೆ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಬೆಳಗಿನವರೆಗೆ ಮತ್ತೆ ನಿದ್ದೆಯಿಲ್ಲ. ಡಾಕ್ಟರಿಗೆ ತೋರಿಸಿಯಾಯಿತು. ಇಸಿಜಿ, ಥೈರಾಯ್ಡ್, ರಕ್ತ ಯಾವುದರಲ್ಲೂ ದೋಷವಿಲ್ಲ. ‘ಇದು ಆತಂಕ. ಸದ್ಯಕ್ಕೆ ಮಾತ್ರೆ ಬೇಡ. ಕಣ್ಣು ಮುಚ್ಚಿ, ನೆಮ್ಮದಿಯ ಜಾಗವೊಂದನ್ನು ಕಲ್ಪಿಸಿಕೊಂಡು ಮಾಡುವ ಧ್ಯಾನವಿದೆ, ಅದನ್ನು ಅಭ್ಯಾಸ ಮಾಡಿ. ತಿಂಗಳು ಬಿಟ್ಟು ಬನ್ನಿ’ ಎಂದರು.

ಮಗ ಮೊಬೈಲಿಗೆ ಒಂದು ಧ್ವನಿಮುದ್ರಣ ಹಾಕಿಕೊಟ್ಟ. ನಯವಾದ ದನಿಯ ಹೆಂಗಸೊಬ್ಬಳು ಹೇಳುತ್ತಾ ಹೋಗುತ್ತಾಳೆ. ಮೊದಲು, ‘ನೀವು ಕಡಲತೀರದಲ್ಲಿದ್ದೀರಿ.’ ಕಡಲು ಎಂದ ಕೂಡಲೇ ನನಗೆ ಕರಾವಳಿಗೆ ಇಳಿಯುವ ಆಗುಂಬೆ ಘಾಟಿಯ 14 ತಿರುವುಗಳು, ಕೈಯಲ್ಲಿ ಹಿಡಿದುಕೊಂಡ ವಾಂತಿಯ ಚೀಲ ಕಣ್ಣ ಮುಂದೆ ಬರುತ್ತವೆ. ಆಮೇಲೆ, ‘ಕಾಡಿನ ಹಸಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಿರಿ.’ ಪಾಪ, ಆಕೆಗೆ ಉಂಬಳ (ಜಿಗಣೆ) ಕಚ್ಚಿದ ಅನುಭವ ಇದ್ದಂತಿಲ್ಲ. ಕೊನೆಗೆ, ‘ಹೊರಗೆ ಸಣ್ಣಗೆ ಮಳೆ ಸುರಿಯುತ್ತಿದೆ, ಆ ಸದ್ದಿನಲ್ಲಿ ಕರಗಿಹೋಗಿ.’ ಆಷಾಢದಲ್ಲಿ ಅಡಿಕೆ ಬೆಳೆಗಾರರ ಮುಂದೆ ಆಡುವ ಮಾತೇ ಇದು? ಕಾಯಿ ಕೊಳೆಸುವ ಕೊಳೆ ರೋಗಕ್ಕೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಸುವುದು ಬಾಕಿಯಿದೆ. ಔಷಧಿ ಹೊಡೆಯುವವರು ಸಿಕ್ಕ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವರು ಸಿಗುವುದಿಲ್ಲ. ಆ ಸದ್ದು ಕೇಳಿದರೆ ನನಗೆ ಕಾಣುವುದು ಮರದ ಬುಡದಲ್ಲಿ ಕೊಳೆತು ಉದುರಿದ ಕಾಯಿ.

ಇದು ನಿಜಕ್ಕೂ ಫಲ ಕೊಡುತ್ತದೆಯೇ, ಅಥವಾ ನನ್ನಂಥವರಿಗೆ ಹೇಳಿದ್ದಲ್ಲವೇ? ಇನ್ನೊಂದು ವಿಷಯ. ಯಾವ ಚಿತ್ರವೂ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಬಂದಂತೆಯೇ ಹರಿದು ಹೋಗುತ್ತದೆ. ತಿಳಿದವರು ಹೇಳಿ.

ನಿವೃತ್ತ ಸಿಸ್ಟರ್, ಸಾಗರ

ತಂಗಿ, ನಿಮಗೆ ಫಲ ಕೊಡುತ್ತಿದೆ, ಆದರೆ ತಿರುಗಾಮುರುಗಾ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಮುಚ್ಚಳ ತೆಗೆದೆ ಎಂದು ಒಂದು ಗಳಿಗೆ ನೆನೆಸಿಕೊಳ್ಳಿ. ಬಾಯಲ್ಲಿ ನೀರು ಬಂತಲ್ಲ? ಭರಣಿ ಎದುರಿಗಿಲ್ಲ, ಆದರೂ ದೇಹ ಕೆಲಸ ಶುರು ಮಾಡಿತು. ಈ ಧ್ಯಾನ ನಿಂತಿರುವುದೇ ಇದರ ಮೇಲೆ. ಮಳೆ ಎಂದಾಗ ಕೊಳೆ ರೋಗ ಕಂಡು ನಿಮ್ಮ ಎದೆ ಹೊಡೆದುಕೊಂಡಿತು ಎಂದರೆ ನಿಮ್ಮ ಕಲ್ಪನೆಗೆ ಬೇಕಾದಷ್ಟು ಶಕ್ತಿಯಿದೆ. ಅದಕ್ಕೆ ಕೊಟ್ಟ ಜಾಗ ಸರಿಯಿಲ್ಲ, ಅಷ್ಟೇ. ಕಡಲತೀರ, ಜಲಪಾತ ಎಂದು ಎಲ್ಲೋ ಕುಳಿತು ಬರೆದವರಿಗೆ ನಿಮ್ಮ ತೋಟ ಗೊತ್ತೇ?

ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ಇದ್ದವಳು ನಾನು. ನೋವಿನ ನಡುವೆ ‘ತವರಿನ ಅಂಗಳ ನೆನೆಸಿಕೊಳ್ಳಿ’ ಎಂದರೆ ಕೆಲವರ ಭುಜ ತಟ್ಟನೆ ಸಡಿಲವಾಗುತ್ತಿತ್ತು. ಇನ್ನು ಕೆಲವರು ಅದೇ ಮಾತಿಗೆ ಗೊಳೋ ಎಂದು ಅಳುತ್ತಿದ್ದರು. ಆಮೇಲಾಮೇಲೆ ನಾನೇ ಹೇಳುವುದನ್ನು ಬಿಟ್ಟು, ‘ನಿನಗೆ ಎಲ್ಲಿ ಹಾಯೆನಿಸುತ್ತದೆ ಹೇಳು’ ಎಂದು ಕೇಳತೊಡಗಿದೆ. ಒಬ್ಬಳು ಬಸ್ಸಿನ ಕಿಟಕಿ ಪಕ್ಕದ ಸೀಟು ಎಂದಿದ್ದಳು!

ಮೊದಲೇ ಚಿತ್ರಕ್ಕೆ ಹೋಗಬೇಡಿ. ಬಿಗಿದ ಮೈಯಲ್ಲಿ ಚಿತ್ರ ನಿಲ್ಲುವುದಿಲ್ಲ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲೇ ಒಂದು ಕ್ರಮ ಬೆಳೆಸಿದ್ದರು, ಇಂದಿಗೂ ಆಸ್ಪತ್ರೆಗಳಲ್ಲಿ ಹೇಳಿಕೊಡುತ್ತಾರೆ. ಮುಷ್ಟಿ ಬಿಗಿಹಿಡಿದು ಐದಾರು ಸೆಕೆಂಡ್ ಬಿಟ್ಟು ಸಡಿಲಿಸಿ, ಆ ವ್ಯತ್ಯಾಸವನ್ನು ಗಮನಿಸಿ. ಹಾಗೆಯೇ ತೋಳು, ಭುಜ, ದವಡೆ, ಹೊಟ್ಟೆ, ಕಾಲು. ದವಡೆಯನ್ನು ಮರೆಯಬೇಡಿ, ನಮ್ಮ ಹೆಂಗಸರು ಅರ್ಧ ಸಂಸಾರವನ್ನು ಅಲ್ಲಿಯೇ ಕಚ್ಚಿ ಹಿಡಿದಿರುತ್ತಾರೆ. ಬಳಿಕ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಡಿ. ಉಸಿರು ಹೊರಹೋಗುವಾಗ ನಾಡಿ ತುಸು ನಿಧಾನವಾಗುತ್ತದೆ. ಎದೆಬಡಿತಕ್ಕೆ ಕಡಿವಾಣ ಹಾಕುವ ವೇಗಸ್ ನರದ ಕೆಲಸ ಅದು.

ಇನ್ನು ಜಾಗ. ಮಳೆಗಾಲದ ಸಂಜೆಯ ಬಚ್ಚಲುಮನೆ ಆಗಬಹುದು ನೋಡಿ. ಒಲೆಗೆ ಒಡ್ಡಿದ ಮೊಣಕಾಲಿಗೆ ಕಾವು, ಬೆನ್ನಿಗೆ ಬಾಗಿಲ ಸಂದಿಯ ತಣ್ಣನೆ ಗಾಳಿ. ಅಡಿಕೆ ಸಿಪ್ಪೆ ಚಿಟಪಟ ಎನ್ನುವುದು, ತಂಬಿಗೆ ಹಂಡೆಯ ಕಂಠಕ್ಕೆ ತಗುಲಿ ಠಣ್ ಎನ್ನುವುದು, ಒದ್ದೆ ಕೂದಲಿನ ಸೀಗೆಕಾಯಿ ವಾಸನೆ. ಇಡೀ ಕೋಣೆ ಕಾಣಬೇಕೆಂಬ ಹಟ ಬೇಡ. ಮೊಣಕಾಲಿನ ಕಾವೊಂದು ಸಿಕ್ಕರೂ ಆಯಿತು. ನಿಮ್ಮದೇ ದನಿಯಲ್ಲಿ ಇದನ್ನು ಮೊಬೈಲಿಗೆ ಹೇಳಿಟ್ಟುಕೊಳ್ಳಿ, ವಾಕ್ಯ ವಾಕ್ಯಕ್ಕೂ ಎರಡು ಉಸಿರಿನಷ್ಟು ಬಿಡುವು ಕೊಡಿ.

ಚಿತ್ರ ಕಾಣದವನು, ಶಿವಮೊಗ್ಗ

ಅಕ್ಕಾ, ಚಿತ್ರ ನಿಲ್ಲುವುದಿಲ್ಲ ಎಂದಿರಲ್ಲ, ನನಗೆ ಬರುವುದೇ ಇಲ್ಲ. ಕಣ್ಣು ಮುಚ್ಚಿದರೆ ಬರೀ ಕತ್ತಲೆ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸರು ಹಲವರಿಗೆ ಒಂದು ಪ್ರಶ್ನೆ ಹಾಕಿದ್ದರು: ಬೆಳಿಗ್ಗೆ ತಿಂಡಿಗೆ ಕುಳಿತ ಮೇಜನ್ನು ನೆನೆಸಿಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ? ಕೆಲವರು ಏನೂ ಕಾಣುವುದಿಲ್ಲ ಎಂದರು. ಇದಕ್ಕೆ ‘ಅಫ್ಯಾಂಟೇಸಿಯಾ’ ಎಂದು ಹೆಸರು ಬಂದದ್ದು 2015ರಲ್ಲಿ, ನರರೋಗ ತಜ್ಞ ಆಡಮ್ ಝೀಮನ್ ಮತ್ತು ಸಂಗಡಿಗರಿಂದ. ಇದು ಕಾಯಿಲೆಯಲ್ಲ, ಮನುಷ್ಯರಲ್ಲಿರುವ ಒಂದು ಭೇದ.

ಹಾಗಾಗಿ ನಾನು ಚಿತ್ರವಿಲ್ಲದ ದಾರಿ ಹಿಡಿದೆ. ಜರ್ಮನಿಯ ಮನೋವೈದ್ಯ ಯೋಹಾನೆಸ್ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ‘ಬಲಗೈ ಭಾರವಾಗಿದೆ, ಬಲಗೈ ಬೆಚ್ಚಗಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಸಾಕು. ನಮ್ಮ ಯೋಗನಿದ್ರೆಯೂ ಹತ್ತಿರದ್ದೇ. ಮಂತ್ರ ಹೇಳುತ್ತಾ ಮೈಯ ಒಂದೊಂದು ಭಾಗವನ್ನು ಮುಟ್ಟುವ ತಂತ್ರದ ‘ನ್ಯಾಸ’ದಿಂದ ಅದನ್ನು ರೂಪಿಸಿದವರು ಬಿಹಾರದ ಮುಂಗೇರಿನ ಸತ್ಯಾನಂದ ಸರಸ್ವತಿ ಸ್ವಾಮಿಗಳು. ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಮೈಯೆಲ್ಲ ಗಮನ ಸುತ್ತಿಬರುತ್ತದೆ. ನನಗೆ ಅರ್ಧ ಸುತ್ತಿಗೇ ಗೊರಕೆ. ಗುರುಗಳಾದವರು ನಿದ್ದೆ ಮಾಡಬಾರದು ಎನ್ನುತ್ತಾರೆ, ನನಗಂತೂ ಬೇಕಾದದ್ದು ಅದೇ.

ಹೊಸನಗರದ ಮೇಷ್ಟ್ರು

ಹಿಂದಿನ ಇಬ್ಬರೂ ಹೇಳದ ಒಂದು ಮಾತು. ಎಲ್ಲರಿಗೂ ಕಣ್ಣು ಮುಚ್ಚಿದರೆ ಶಾಂತಿ ಸಿಗುವುದಿಲ್ಲ. ಮೈ ಸಡಿಲವಾಗುತ್ತಿದ್ದಂತೆ ‘ಹಿಡಿತ ತಪ್ಪುತ್ತಿದೆ’ ಎಂಬ ಗಾಬರಿ ಕೆಲವರಲ್ಲಿ ಹೆಚ್ಚುತ್ತದೆ. ಮನೋವೈದ್ಯರಿಗೆ ಪರಿಚಿತವಾದ ಸಂಗತಿ ಇದು. ನನ್ನ ತಮ್ಮನಿಗೆ ಹೀಗೆಯೇ ಆಗುತ್ತಿತ್ತು. ಅಂಥವರು ಕಣ್ಣು ತೆರೆದೇ ಕುಳಿತು ಮಾಡಲಿ. ಎದುರಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಲಿ, ಅಂಗಾಲಿಗೆ ತಾಗುವ ನೆಲವನ್ನು ಗಮನಿಸಲಿ. ಹಳೆಯ ಆಘಾತದ ನೆನಪುಗಳಿದ್ದವರು ಒಬ್ಬರೇ ಕುಳಿತು ಕಲ್ಪನೆಗೆ ಇಳಿಯದಿರುವುದೇ ಒಳ್ಳೆಯದು.

ಮತ್ತೆ, ತಿಂಗಳು ಬಿಟ್ಟು ಡಾಕ್ಟರ ಬಳಿ ಹೋಗುವುದನ್ನು ತಪ್ಪಿಸಬೇಡಿ. ಧ್ಯಾನ ಚಿಕಿತ್ಸೆಯ ಜೊತೆಗೆ, ಚಿಕಿತ್ಸೆಯ ಬದಲಿಗಲ್ಲ. ರಾತ್ರಿ ತೀರಾ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಕಡೆ ನೆಟ್‌ವರ್ಕ್ ಸಿಗುವ ಮೂಲೆ ಯಾವುದೆಂದು ಹಗಲಲ್ಲೇ ನೋಡಿಟ್ಟುಕೊಳ್ಳಿ.

ತೋಟದ ಮನೆಯವಳು

ಎಲ್ಲರಿಗೂ ಧನ್ಯವಾದ. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದೆ ಮಾತ್ರ, ಇರಲಿ. ಮುಷ್ಟಿ ಬಿಗಿದು ಬಿಡುವುದು ಚೆನ್ನಾಗಿ ಹಿಡಿಸಿತು, ದವಡೆಯ ಮಾತಂತೂ ನೂರಕ್ಕೆ ನೂರು ನಿಜ. ಬಚ್ಚಲುಮನೆಯೂ ಬಂತು. ಕಾವು, ಹೊಗೆ, ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ‘ಸೌದೆ ಮನೆಯ ಹೆಂಚು ಒಡೆದಿದೆ, ಸೌದೆಯೆಲ್ಲ ನೆನೆಯುತ್ತಿದೆ’ ಎಂಬ ಯೋಚನೆ ನುಗ್ಗಿತು ನೋಡಿ. ಎದ್ದು ಟಾರ್ಚ್ ಹಿಡಿದು ಹೋಗಿಯೇಬಿಟ್ಟೆ. ಸಿಸ್ಟರ್, ಇದಕ್ಕೇನು ಮಾಡಲಿ?

ನಿವೃತ್ತ ಸಿಸ್ಟರ್, ಸಾಗರ

ಅಯ್ಯೋ ತಂಗಿ, ಆ ಬಚ್ಚಲಿಗೆ ಉರಿ ಹಾಕುವವರು ನೀವೇ ಅಲ್ಲವೇ? ಅಲ್ಲಿ ಕುಳಿತರೆ ಕೆಲಸ ನೆನಪಾಗದೆ ಇನ್ನೇನಾದೀತು. ನಿಮಗೆ ಏನೇನೂ ಜವಾಬ್ದಾರಿಯಿಲ್ಲದ ಜಾಗ ಬೇಕು. ತವರಿನ ಬಚ್ಚಲು ತೆಗೆದುಕೊಳ್ಳಿ. ಒಲೆ ಉರಿಸುವ ಚಿಂತೆ ನಿಮ್ಮ ಅಮ್ಮನದು, ನೀವು ಎಂಟು ವರ್ಷದ ಹುಡುಗಿ. ತವರು ನೆನೆದರೆ ಅಳು ಬರುವ ಹಾಗಿದ್ದರೆ ಅದನ್ನೂ ಬಿಡಿ, ಅಜ್ಜನ ಮನೆ, ಜಾತ್ರೆಯ ಬಯಲು, ಯಾವುದಾದರೂ ಸರಿ. ನಡುವೆ ಯೋಚನೆ ನುಗ್ಗಿಯೇ ನುಗ್ಗುತ್ತದೆ. ‘ಸೌದೆ’ ಎಂದು ಒಂದು ಮಾತು ಹೇಳಿಕೊಂಡು ಮತ್ತೆ ಕಾವಿಗೆ ಬನ್ನಿ. ದಿಂಬಿನ ಪಕ್ಕ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ಹೆಂಚಿನ ಕೆಲಸ ಅದರ ಮೇಲೆ ಬರೆದಿಟ್ಟರೆ ಟಾರ್ಚ್ ಹುಡುಕುವುದು ತಪ್ಪುತ್ತದೆ.

ಇನ್ನು, ಎದೆ ಹೊಡೆದುಕೊಳ್ಳುವ ಹೊತ್ತಿಗೆ ಹೊಸದಾಗಿ ಕಲಿಯಲು ಹೋದರೆ ಆಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ, ಅತ್ತೆ ಮಲಗಿದಾಗ, ಹತ್ತು ನಿಮಿಷ ಜಗಲಿಯಲ್ಲಿ ಗೋಡೆಗೆ ಒರಗಿ ಮಾಡಿ. ಒಂದೆರಡು ವಾರ ಹಗಲಿನಲ್ಲೇ ಕೈ ಪಳಗಲಿ, ಆಮೇಲೆ ರಾತ್ರಿಗೆ ಬನ್ನಿ. ಹೆಂಚು ಬದಲಾಯಿಸುವವರು ಸಿಕ್ಕರೆ ಅದನ್ನೂ ಮಾಡಿಸಿಬಿಡಿ, ಅದಕ್ಕೆ ಧ್ಯಾನ ಸಾಲದು.