ರಾತ್ರಿ ಅನ್ನ ಬಿಟ್ಟು ಚಪಾತಿ ಶುರು ಮಾಡಿದ ಮೇಲೆ ಹೊಟ್ಟೆ ಉಬ್ಬರ ಜಾಸ್ತಿ ಆಗಿದೆ, ಯಾಕೆ?

ಖಾರಮಂಡಕ್ಕಿ:
ನಮಸ್ಕಾರ. ಡಾಕ್ಟರು ಐಬಿಎಸ್, ಅಂದರೆ ಕರುಳು ಸೂಕ್ಷ್ಮವಾಗಿ ಪದೇ ಪದೇ ಹೊಟ್ಟೆ ಕೆಡುವ ತೊಂದರೆ ಅಂದಿದ್ದಾರೆ. ಸ್ಕ್ಯಾನಿಂಗ್ ನಾರ್ಮಲ್. ಊಟ ಆದ ಸ್ವಲ್ಪ ಹೊತ್ತಿಗೇ ಹೊಟ್ಟೆ ಉಬ್ಬಿಕೊಳ್ಳುತ್ತದೆ, ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಮತ್ತೆ ಮತ್ತೆ ಟಾಯ್ಲೆಟ್ಟಿಗೆ ಓಡಬೇಕು. ಅನ್ನದಿಂದಲೇ ಗ್ಯಾಸ್ ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಅದಕ್ಕೆ ರಾತ್ರಿ ಚಪಾತಿ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿ ಹಾಕಿದ ಕಾಳು ಪಲ್ಯ. ಈಗ ಮೊದಲಿಗಿಂತ ಕಷ್ಟ. ಏನು ತಿನ್ನಲಿ?

ಇಂಗುತೆಂಗು:
ಪಾಪ, ಅನ್ನದ ಮೇಲೆ ಸುಮ್ನೆ ಅಪವಾದ! ಐಬಿಎಸ್ ಇರುವವರಿಗೆ ಅಕ್ಕಿ ತುಂಬ ಹಗುರ. ಗೋಧಿ, ಈರುಳ್ಳಿ, ಬೆಳ್ಳುಳ್ಳಿ ಮೂರರಲ್ಲೂ ಫ್ರಕ್ಟಾನ್ ಅನ್ನುವ ಅಂಶ ಇದೆ. ಅದು ಯಾರಿಗೂ ಸಣ್ಣ ಕರುಳಿನಲ್ಲಿ ಜೀರ್ಣ ಆಗುವುದಿಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಬೇರೆಯವರಿಗೆ ಅದು ಗೊತ್ತೂ ಆಗುವುದಿಲ್ಲ, ನಮ್ಮ ಕರುಳು ಸೂಕ್ಷ್ಮ, ಅದಕ್ಕೇ ನೋವು. ಕಾಳಿನಲ್ಲೂ ಇದೇ ಜಾತಿಯ ಇನ್ನೊಂದು ಸಕ್ಕರೆ ಇದೆ. ನಿಮ್ಮ ರಾತ್ರಿ ಊಟದಲ್ಲಿ ಎಲ್ಲವೂ ಒಂದೇ ತಟ್ಟೆಗೆ ಬಂದಿವೆ ನೋಡಿ.

ಇಂಥವನ್ನೆಲ್ಲ ಒಟ್ಟಿಗೆ ಫಾಡ್‌ಮ್ಯಾಪ್ ಅಂತಾರೆ. ಇವನ್ನು ಕಡಿಮೆ ಮಾಡುವ ಪಥ್ಯ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. 2ರಿಂದ 6 ವಾರ ಇವನ್ನು ಕಡಿಮೆ ಮಾಡಿ, ಆಮೇಲೆ ಒಂದೊಂದನ್ನೇ ವಾಪಸ್ ತಂದು ಯಾವುದು ತೊಂದರೆ ಕೊಡುತ್ತದೆ ಅಂತ ನೋಡಬೇಕು. ಜನ ಮೊದಲ ಭಾಗ ಮಾಡಿ ಅಲ್ಲೇ ನಿಂತುಬಿಡುತ್ತಾರೆ, ವರ್ಷಗಟ್ಟಲೆ ಪಥ್ಯ. ಅದು ತಪ್ಪು, ಕರುಳಿಗೂ ಒಳ್ಳೆಯದಲ್ಲ.

ಮಲೆನಾಡ_ಅಡುಗೆ:
ಅಡುಗೆ ಮನೆ ಲೆಕ್ಕ ನಾನು ಹೇಳ್ತೀನಿ. ಫ್ರಕ್ಟಾನ್ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಹಾಗಾಗಿ ಸಾರಿನಲ್ಲಿ ಈರುಳ್ಳಿ ಕುದಿಸಿ ಆಮೇಲೆ ಹೋಳು ಎತ್ತಿಟ್ಟರೆ ಪ್ರಯೋಜನ ಇಲ್ಲ. ಇಡೀ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಮಾಡಿ, ಎಸಳು ತೆಗೆದು ಆ ಎಣ್ಣೆಯಲ್ಲೇ ಒಗ್ಗರಣೆ ಹಾಕಿ. ಘಮ ಇರುತ್ತದೆ, ತೊಂದರೆ ಇರುವುದಿಲ್ಲ. ಇಲ್ಲವಾದರೆ ಇಂಗು, ಹಬ್ಬದ ಅಡುಗೆ ನಡೆಯುವುದೇ ಅದರಲ್ಲಿ ಅಲ್ವಾ. ಬೇಳೆ ನೆನೆಸಿ ಆ ನೀರು ಚೆಲ್ಲಿ, ಪ್ರಮಾಣ ಕಡಿಮೆ ಇಡಿ. ತಿಳಿ ಹಗುರ ಅಂತ ಕಟ್ಟಿನ ಸಾರು ಲೋಟಗಟ್ಟಲೆ ಕುಡಿಯಬೇಡಿ, ಬೇಳೆಯ ಆ ಸಕ್ಕರೆ ಕಟ್ಟಿಗೇ ಇಳಿದಿರುತ್ತದೆ. ಸೋರೆಕಾಯಿಗಿಂತ ಕ್ಯಾರೆಟ್, ಬೀನ್ಸ್ ಪಲ್ಯ ನಮ್ಮ ಮನೆಯಲ್ಲಿ ಹೆಚ್ಚು ಹೊಂದಿತು. ಹಣ್ಣಿಗೆ ಪಪ್ಪಾಯಿ, ಕಿತ್ತಳೆ. ಸೇಬು, ಕಲ್ಲಂಗಡಿ, ಮಾವು ಸದ್ಯಕ್ಕೆ ಬೇಡ. ಗೋಡಂಬಿ ಬದಲು ಕಡಲೆಕಾಯಿ.

ಖಾರಮಂಡಕ್ಕಿ:
ಹಾಗಾದರೆ ನಾಳೆಯಿಂದಲೇ ಗೋಧಿ ಪೂರ್ತಿ ಬಂದ್! ಮಜ್ಜಿಗೆ ಕುಡಿಯಬಹುದಾ? ನಾರಿಗೆ ಅಂತ ಗೋಧಿ ಹೊಟ್ಟು ಬೇರೆ ತಂದಿಟ್ಟಿದ್ದೀನಿ.

ರಾಗಿಕಣಜ:
ತಡೀರಿ ತಡೀರಿ. ಗೋಧಿ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ (ಗೋಧಿಯ ಗ್ಲುಟೆನ್‌ನಿಂದ ಕರುಳಿಗೆ ಹಾನಿ ಆಗುವ ಕಾಯಿಲೆ) ರಕ್ತ ಪರೀಕ್ಷೆ ಆಗಿದೆಯಾ ಕೇಳಿ. ದಕ್ಷಿಣದಲ್ಲಿ ಅದು ಕಡಿಮೆ, ಆದರೂ ಇದೆ. ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ತೋರದೆ ಹೋಗಬಹುದು. ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ ಇದ್ದರೆ ಪಥ್ಯದ ಮಾತು ಆಮೇಲೆ, ಮೊದಲು ಡಾಕ್ಟರ ಹತ್ತಿರ ಹೋಗಿ.

ಗೋಧಿ ಹೊಟ್ಟು ಐಬಿಎಸ್‌ನಲ್ಲಿ ಉಬ್ಬರ ಜಾಸ್ತಿ ಮಾಡುತ್ತದೆ, ದನಕ್ಕೆ ಹಾಕಿ. ಇಸಬ್‌ಗೋಲ್ ವಾಸಿ, ಅರ್ಧ ಚಮಚದಿಂದ ಶುರು ಮಾಡಿ, ಜೊತೆಗೆ ಪೂರ್ತಿ ಲೋಟ ನೀರು. ಮಜ್ಜಿಗೆ ಸ್ವಲ್ಪ ಸ್ವಲ್ಪ ಕುಡಿದು ನೋಡಿ, ಹಾಲಿಗಿಂತ ಮೊಸರಿನಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಕಡಿಮೆ. ಬೆಳಿಗ್ಗೆ ಓಡಾಟಕ್ಕೆ ಖಾಲಿ ಹೊಟ್ಟೆಯ ಕಾಫಿಯೂ ಕಾರಣ ಇರಬಹುದು, ಅದರ ಬಗ್ಗೆ ನೀವು ಬಾಯೇ ಬಿಟ್ಟಿಲ್ಲ.

ಖಾರಮಂಡಕ್ಕಿ:
ಎರಡು ಲೋಟ, ಸ್ಟ್ರಾಂಗು. ಪರೀಕ್ಷೆ ಬಗ್ಗೆ ಸೋಮವಾರ ಕೇಳ್ತೀನಿ, ಅಲ್ಲಿಯವರೆಗೆ ಚಪಾತಿ ಇರಲಿ, ಬೆಳ್ಳುಳ್ಳಿ ಬಿಟ್ಟು ನೋಡ್ತೀನಿ.