ಸೀನನ ಪತ್ತೇದಾರಿಕೆ

ಸೀನನ ತಂಗಿಗೆ ಗಂಡು ಗೊತ್ತಾಗುವ ಹಾಗಿದೆ. ಹುಡುಗ ಹೇಗೆ ಅಂತ ಪತ್ತೇದಾರರಿಂದ ವಿಚಾರಿಸೋಣ ಎಂದರಂತೆ ಮನೆಯಲ್ಲಿ. ಫೀಸು ಕೇಳಿದ ಸೀನ, "ನಾನೇ ಬುಲೆಟ್‌ನಲ್ಲಿ ಹಿಂದೆ ಹೋಗ್ತೀನಿ" ಎಂದ.

"ನಿನ್ನ ಬುಲೆಟ್ ಜಯನಗರದಲ್ಲಿ ಸ್ಟಾರ್ಟ್ ಆದ್ರೆ ಅವನು ಜೆ.ಪಿ. ನಗರದಲ್ಲಿ ಕಿಟಕಿ ಹಾಕ್ಕೋತಾನೆ" ಎಂದ ಮಂಜ. ಅವನು ಹಿಂದೆ ಇಂಥದ್ದೇ ಏಜೆನ್ಸಿಯಲ್ಲಿ ಇದ್ದವನು. ಯಾರ ಕಣ್ಣಿಗೂ ಬೀಳದ ಮಾಸಲು ಕಾರು ಬೇಕಂತೆ. ಅದೂ ಎರಡು. ಒಂದು ಸ್ವಲ್ಪ ದೂರ ಹಿಂಬಾಲಿಸಿ, ತಿರುವು ಬಂದಾಗ ನೆಟ್ಟಗೆ ಹೊರಟುಬಿಡುತ್ತದೆ. ಇನ್ನೊಂದು ಆ ಜಾಗ ಹಿಡಿಯುತ್ತದೆ.

"ಸಿಲ್ಕ್ ಬೋರ್ಡ್‌ನಲ್ಲಿ?"

"ಅಲ್ಲಿ ಹಿಂಬಾಲಿಸೋದೇನು ಬಂತು? ಅವನೂ ಅಲ್ಲೇ, ನೀನೂ ಅಲ್ಲೇ."

ಕಷ್ಟ ಇರುವುದು ಕಾಯುವುದರಲ್ಲಿ. ಡ್ರೈವರ್ ಸೀಟಿನಲ್ಲಿ ಕೂತರೆ ಜನ ನೋಡುತ್ತಾರೆ, ಹಿಂದಿನ ಸೀಟಿನಲ್ಲಿ ಕೂರಬೇಕು. ಎಂಜಿನ್ ಆಫ್. ಎಸಿ ಇಲ್ಲ. ನೀರನ್ನೂ ಲೆಕ್ಕ ಹಾಕಿ ಕುಡಿಯಬೇಕು. "ಬೆಳಿಗ್ಗೆಯಿಂದ ಮನೆ ಬಿಡದ ಆಸಾಮಿ, ನೀನು ಶೌಚಾಲಯ ಹುಡುಕಿಕೊಂಡು ಹೋದಾಗಲೇ ಹೊರಗೆ ಬರ್ತಾನೆ."

"ಸುಮ್ನೆ ಅವನ ಕಾಲ್ ಪಟ್ಟಿ ತೆಗೆಸಿದ್ರೆ?"

ಇಷ್ಟು ಹೊತ್ತು ಇಡ್ಲಿಯಲ್ಲಿ ಮುಳುಗಿದ್ದ ವಕೀಲ ಪ್ರಸನ್ನ ತಲೆ ಎತ್ತಿದ. "ನಿನ್ನನ್ನೇ ಒಳಗೆ ಹಾಕ್ತಾರೆ. ಅದನ್ನ ಪೊಲೀಸರು ತರಿಸಬಹುದು, ಪತ್ತೇದಾರನಲ್ಲ. ಅವನಿಗೆ ನಿನಗಿಂತ ಗುಲಗಂಜಿಯಷ್ಟೂ ಅಧಿಕಾರ ಜಾಸ್ತಿ ಇಲ್ಲ. ಲೈಸೆನ್ಸ್ ಕೊಡೋಕೆ 2007ರಲ್ಲಿ ರಾಜ್ಯಸಭೆಗೆ ಮಸೂದೆ ಬಂತು, ಕಾನೂನಾಗಲೇ ಇಲ್ಲ. ಮೇಲೆ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆ ಕೇಸ್ ಹಾಕಿದವರು ನಮ್ಮ ಹೈಕೋರ್ಟ್‌ನಲ್ಲೇ ಜಡ್ಜ್ ಆಗಿದ್ದ ಪುಟ್ಟಸ್ವಾಮಿಯವರು, ಗೊತ್ತಾ?"

"ಅವನ ಕಾರಿಗೆ ಏರ್‌ಟ್ಯಾಗ್ ಅಂಟಿಸ್ತೀನಿ. ಎಲ್ಲಿದಾನೆ ಅಂತ ನನ್ನ ಫೋನಲ್ಲೇ ಕಾಣುತ್ತೆ."

"ಯಾವುದೋ ಏರ್‌ಟ್ಯಾಗ್ ನಿಮ್ಮ ಜೊತೆ ಓಡಾಡ್ತಿದೆ ಅಂತ ಅವನ ಫೋನೇ ಚಾಡಿ ಹೇಳುತ್ತೆ."

ಸೀನ ಕಾಫಿ ಲೋಟ ಕುಕ್ಕಿದ. "ಮತ್ತೆ ಇವರು ಅಷ್ಟು ದುಡ್ಡು ತಗೊಂಡು ಮಾಡೋದೇನು?"

"ಮಾತಾಡೋದು" ಎಂದ ಮಂಜ. "ಮನೆ ಬಾಡಿಗೆಗೆ ಇದೆಯಾ ಅಂತ ಆ ಬೀದಿಗೆ ಹೋಗ್ತಾರೆ. ವಾಚ್‌ಮನ್ ಜೊತೆ ಒಂದು ಟೀ. ಆಮೇಲೆ ಇಸ್ತ್ರಿಯವನು. ಹುಡುಗ ದಿನಾ ಆಫೀಸಿಗೆ ಹೋಗ್ತಾನಾ, ಕೆಲಸ ಬಿಟ್ಟು ಮನೇಲಿದಾನಾ, ಅವನಿಗೆ ಶರ್ಟಿನ ಲೆಕ್ಕದಲ್ಲೇ ಗೊತ್ತು. ಕೊಡೋ ದುಡ್ಡು ಕೊಡ್ತಾನಾ, ಸತಾಯಿಸ್ತಾನಾ, ಅದೂ ಗೊತ್ತು."

ಸೀನ ಥಟ್ಟನೆ ಎದ್ದ.

"ಎಲ್ಲಿಗೋ?"

"ಗಂಡಿನ ಕಡೆಯವರೂ ವಿಚಾರಿಸ್ತಾರೆ ಅಲ್ವಾ? ನಮ್ಮ ಇಸ್ತ್ರಿಯವನ ಹಳೇ ಬಾಕಿ ಕೊಟ್ಟು ಬರ್ತೀನಿ."