ಸಹಾಯ ಬೇಕು: ಚಾರಣದ ಹಗುರ ಗ್ಯಾಸ್ ಸ್ಟೌವ್ ಪರೀಕ್ಷಿಸುವ ಸರಿಯಾದ ಕ್ರಮ ಯಾವುದು?

ಎಲ್ಲರಿಗೂ ನಮಸ್ಕಾರ. ಡಬ್ಬಿಯ ಮೇಲೆ ನೇರವಾಗಿ ತಿರುಗಿಸಿ ಕೂರಿಸುವ ಪುಟ್ಟ ಗ್ಯಾಸ್ ಸ್ಟೌವ್ ಒಂದನ್ನು ದೀರ್ಘ ಚಾರಣಕ್ಕೆ ಒಯ್ಯುವ ಮೊದಲು ಪರೀಕ್ಷಿಸುತ್ತಿದ್ದೇನೆ. ಅನುಭವವುಳ್ಳವರ ಸಲಹೆ ಬೇಕಾಗಿದೆ.

ಮುಚ್ಚಳವಿರುವ ಪಾತ್ರೆಯಲ್ಲಿ ಅರ್ಧ ಲೀಟರ್ ನೀರು ಕುದಿಸಿ, ಡಬ್ಬಿಯನ್ನು ಮೊದಲೂ ನಂತರವೂ ತೂಗಿ, ಎಷ್ಟು ಗ್ರಾಂ ಅನಿಲ ಖರ್ಚಾಯಿತೆಂದು ಬರೆದಿಡುತ್ತೇನೆ. ಕುದಿಯಲು ಹಿಡಿಯುವ ಸಮಯಕ್ಕಿಂತ ಈ ಅಂಕಿಯೇ ಮುಖ್ಯವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೆನ್ನ ಮೇಲೆ ಎಷ್ಟು ಇಂಧನ ಹೊರಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ನನಗೆ ತೊಡಕಾಗಿರುವುದು ಚಳಿಯ ವಿಚಾರ. ಇಂಥ ಡಬ್ಬಿಗಳಲ್ಲಿ ದ್ರವರೂಪದಲ್ಲಿ ಬೆರೆಸಿ ತುಂಬುವ ಅನಿಲಗಳ ಪೈಕಿ, ಸಮುದ್ರಮಟ್ಟದ ಒತ್ತಡದಲ್ಲಿ ಬ್ಯುಟೇನ್ ಸುಮಾರು -0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಐಸೊಬ್ಯುಟೇನ್ ಸುಮಾರು -12ರಲ್ಲಿ, ಪ್ರೊಪೇನ್ ಸುಮಾರು -42ರಲ್ಲಿ ಕುದಿಯುತ್ತವೆ. ಸ್ಟೌವ್ ಉರಿಯುತ್ತಿರುವಾಗ ಡಬ್ಬಿಯೊಳಗಿನ ದ್ರವವು ಆವಿಯಾಗುತ್ತ ತನ್ನ ಶಾಖವನ್ನೇ ಕಳೆದುಕೊಂಡು ತಣ್ಣಗಾಗುವುದರಿಂದಲೂ, ಮಿಶ್ರಣದಲ್ಲಿರುವ ಪ್ರೊಪೇನ್ ಉಳಿದವುಗಳಿಗಿಂತ ಬೇಗ ಮುಗಿಯುವುದರಿಂದಲೂ, ಬಳಸಿದ ಡಬ್ಬಿಯ ಜ್ವಾಲೆ ಚಳಿಯಲ್ಲಿ ಸೊರಗುತ್ತದೆ. ಇದನ್ನು ಅಂಗಳದಲ್ಲೇ ಅಳೆಯಲು ಡಬ್ಬಿಯನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ನಿಲ್ಲಿಸಿ ಉರಿಸುವ ಯೋಚನೆಯಿದೆ. ಆದರೆ ನೀರು ಗಾಳಿಗಿಂತ ಬಹಳ ಚೆನ್ನಾಗಿ ಶಾಖ ಒದಗಿಸುವುದರಿಂದ, ಅಷ್ಟೇ ತಂಪಾದ ಗಾಳಿಯಲ್ಲಿ ಆಗುವುದಕ್ಕಿಂತ ಫಲಿತಾಂಶ ಉತ್ತಮವಾಗಿ ಕಾಣಬಹುದೆಂಬ ಅನುಮಾನ ನನಗಿದೆ. ನೀವು ಡಬ್ಬಿಯನ್ನು ಮೊದಲೇ ತಣ್ಣಗಾಗಿಸಿಟ್ಟು ಬರಿಯ ಗಾಳಿಯಲ್ಲಿ ಪರೀಕ್ಷಿಸುತ್ತೀರಾ?

ಬೀಸುವ ಗಾಳಿಯಲ್ಲಿ ಪರೀಕ್ಷಿಸುವ ಬಗ್ಗೆಯೂ ತಿಳಿಸಿ. ಸುತ್ತಲೂ ಮರೆ ಕಟ್ಟಿದರೆ ಡಬ್ಬಿ ಕಾದು ಸಿಡಿಯುವ ಅಪಾಯವಿರುವುದರಿಂದ ಒಂದೇ ಬದಿಗೆ, ಸ್ವಲ್ಪ ದೂರದಲ್ಲಿ ತಡೆ ಇಟ್ಟು, ಡಬ್ಬಿಯನ್ನು ಆಗಾಗ ಮುಟ್ಟಿ ನೋಡುತ್ತೇನೆ. ಇದಕ್ಕಿಂತ ಸುರಕ್ಷಿತವಾದ, ಪ್ರತಿ ಬಾರಿಯೂ ಒಂದೇ ರೀತಿ ಮಾಡಬಹುದಾದ ವಿಧಾನ ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.